ಬಾಡಿಗೆ ಮರ, ನಮ್ಮ ಮನೆ ಟ್ರಂಕು: ಬೇಳ ಕಡೆಯ ನರ್ಸರಿಯೊಂದರ ಕ್ರಿಸ್‌ಮಸ್ ಹಸಿರು ಹೇಗಿದೆ?

ಕ್ರಿಸ್‌ಮಸ್ ಮರವನ್ನು ಬಾಡಿಗೆಗೆ ಕೊಡುವ ನರ್ಸರಿಯೊಂದು ನಮ್ಮ ಕಡೆ ಶುರುವಾಗಿದೆ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಮುಂದೆ ಒಂದೆರಡು ದೂರೂ ಇದೆ. ಗಂಡ ಹೆಂಡತಿ ಸೇರಿ ನಡೆಸುವ ಸಣ್ಣ ಜಾಗ, ಸುಮ್ನೆ ಅವರ ಹೊಟ್ಟೆಗೆ ಹೊಡೆಯುವುದು ಬೇಡ.

ಅಲ್ಲಿ ಸಿಗುವುದು ಇಷ್ಟು. ಕುಂಡದಲ್ಲಿ ಬೆಳೆದ ಅರೋಕೇರಿಯಾ ಗಿಡ ಬಾಡಿಗೆಗೆ, ಡಿಸೆಂಬರ್ ಮಧ್ಯದಿಂದ ಮೂರು ರಾಯರ ಹಬ್ಬದವರೆಗೆ, ಅಂದರೆ ಜನವರಿ 6ರ ತನಕ. ಐದಡಿ ಗಿಡಕ್ಕೆ 600 ರೂಪಾಯಿ, ಮೇಲೆ 1000 ರೂಪಾಯಿ ಠೇವಣಿ. ಸೊಪ್ಪು, ಬಳ್ಳಿ ಎಲ್ಲ ಸೇರಿಸಿ ಕಟ್ಟಿದ ಒಂದು ಹೊರೆ 350. ಬಾಗಿಲಿಗೆ ತೂಗುಹಾಕುವ ಹಸಿರು ಚಕ್ರ 400. ಪಾಯಿನ್ಸೆಟ್ಟಿಯಾ ಕುಂಡ 150. ಮನೆಗೆ ಬಂದು ಕಟ್ಟಿಕೊಡಬೇಕಾದರೆ 500 ಜಾಸ್ತಿ. ಅಂಗಡಿಯವರದ್ದು ಮಲಯಾಳ, ಮರ ಹೊತ್ತು ತಂದ ಹುಡುಗರದ್ದು ತುಳು, ನಮ್ಮ ಮನೆಯಲ್ಲಿ ಕೊಂಕಣಿ. ಬಿಲ್ಲು ಮಾತ್ರ ಇಂಗ್ಲಿಷ್.

ನಾನು ಎಲ್ಲವನ್ನೂ ತರಿಸಿದೆ. ಆದರೆ ನನ್ನ ಅಳತೆಗೋಲು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇದೆ. ಮಾವ ಬೊಂಬಾಯಿಯಲ್ಲಿ ಕೆಲಸಕ್ಕಿದ್ದಾಗ ಕ್ರಾಫರ್ಡ್ ಮಾರ್ಕೆಟಿನಿಂದ ತಂದ ಗಾಜಿನ ಗುಂಡುಗಳು ಅದರಲ್ಲಿವೆ. ಮೊಟ್ಟೆಯ ಚಿಪ್ಪಿನಷ್ಟು ತೆಳು. ಒಳಗಿನ ಬೆಳ್ಳಿ ಬಣ್ಣ ಅಲ್ಲಲ್ಲಿ ಕಪ್ಪಾಗಿದೆ, ಕೆಲವಕ್ಕೆ ಕೊಕ್ಕೆ ಹೋಗಿ ಅತ್ತೆ ದಾರ ಕಟ್ಟಿದ್ದಾರೆ. ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಮಣ್ಣಿನ ಗೊಂಬೆಗಳು ಹಳೆಯ ಪೇಪರಿನಲ್ಲಿ ಸುತ್ತಿ ಮಲಗಿವೆ. ಒಂದು ಕುರಿಗೆ ಕಾಲಿಲ್ಲ, ಮೇಣ ಹಚ್ಚಿ ನಿಲ್ಲಿಸಬೇಕು. ಯೋಸೆಫರ ಕೋಲು ಕಳೆದುಹೋಗಿ ಈಗ ತೆಂಗಿನ ಗರಿಯ ಕಡ್ಡಿ. ಮೂರು ರಾಯರಲ್ಲಿ ಒಬ್ಬರು ಬೇರೆ ಸೆಟ್ಟಿನವರು, ಒಂಟೆಗಿಂತ ಎತ್ತರ. ನನ್ನ ಅಮ್ಮ ಹೆಣೆದ ಕ್ರೋಶಾ ಬಟ್ಟೆಯೊಂದು, ಮೈದುನ ಬಹ್ರೈನಿನಿಂದ ಕಳಿಸುತ್ತಿದ್ದ ಕಾರ್ಡುಗಳ ಕಟ್ಟೊಂದು. ಟ್ರಂಕಿಗೆ ಹಿಡಿಸದೆ ಹೊರಗೆ ಗೋಡೆಗೆ ಒರಗಿರುವುದು ನಕ್ಷತ್ರದ ಬಿದಿರಿನ ಚೌಕಟ್ಟು. ಅದಕ್ಕೆ ವರ್ಷವೂ ಮೈದಾ ಅಂಟು ಕಾಯಿಸಿ ಹೊಸ ಬಣ್ಣದ ಕಾಗದ ಹಚ್ಚುವುದು.

ಈ ಸಾಮಾನುಗಳು ಚೆನ್ನಾಗಿ ಕಾಣಬೇಕು. ಅದಕ್ಕೆ ಹಸಿರು ಹಿಂದೆ ನಿಲ್ಲಬೇಕು. ಅಂಗಡಿಯ ಪ್ಲಾಸ್ಟಿಕ್ ಮರ ನನಗೆ ಆಗದಿರುವುದೂ ಅದಕ್ಕೇ. ಅದು ತಾನೇ ಮಿಣಮಿಣ ಅನ್ನುತ್ತದೆ, ಮಾವನ ಮಾಸಿದ ಗುಂಡು ಅದರ ಮುಂದೆ ಬರೀ ಹಳೆ ಸಾಮಾನು.

ಮರದಿಂದ ಶುರುಮಾಡೋಣ. ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅರೋಕೇರಿಯಾ ಪೆಸಿಫಿಕ್ ಸಾಗರದ ದ್ವೀಪಗಳ ಕಡೆಯ ಮರ. ಪೈನ್ ಅಂತ ಕರೆದರೂ ಪೈನ್ ಜಾತಿಯದ್ದಲ್ಲ. ಕೊಂಬೆಗಳು ಕಾಂಡದ ಸುತ್ತ ಅಂತಸ್ತು ಅಂತಸ್ತಾಗಿ ಬರುತ್ತವೆ, ಒಂದು ಅಂತಸ್ತಿಗೂ ಇನ್ನೊಂದಕ್ಕೂ ನಡುವೆ ಒಳ್ಳೆ ಜಾಗ. ಗಾಜಿನ ಗುಂಡು ಆ ಖಾಲಿಯಲ್ಲಿ ಯಾವುದಕ್ಕೂ ತಾಗದೆ ತೂಗುತ್ತದೆ, ಬೆಳಕು ಎಲ್ಲ ಕಡೆಯಿಂದ ಬೀಳುತ್ತದೆ. ಕೊಂಬೆಯ ತುದಿ ಮಾತ್ರ ಮೆತ್ತಗೆ. ಭಾರದ್ದನ್ನು ಕಾಂಡದ ಹತ್ತಿರವೇ ಕಟ್ಟಬೇಕು. ಕತ್ತಲೆ ಮೂಲೆ ಇದಕ್ಕೆ ಆಗುವುದಿಲ್ಲ ಅಂತ ನರ್ಸರಿಯ ಚೇಚಿ (ಮಲಯಾಳದಲ್ಲಿ ಅಕ್ಕ) ಹೇಳಿದ್ದರು, ಹಾಗಾಗಿ ಚಾವಡಿಯ ಕಿಟಕಿ ಪಕ್ಕ ಇಟ್ಟೆವು. ಮಣ್ಣು ಒಣಗಿದರೆ ಒಂದು ಚೊಂಬು ನೀರು. ಅಷ್ಟೇ ಆರೈಕೆ.

ಮೊದಲು ನಾವೂ ಊರಿನ ಎಲ್ಲರ ಹಾಗೆ ಗಾಳಿಮರದ ಕೊಂಬೆ ಕಡಿದು ತಂದು ಬಾಲ್ದಿಯ ಮರಳಿನಲ್ಲಿ ನಿಲ್ಲಿಸುತ್ತಿದ್ದೆವು. ಚೆಂದವೇ. ಆದರೆ ಒಂದು ವಾರದೊಳಗೆ ಒಣಗಿ ಉದುರಲು ಶುರು. ಆ ಹಸಿರು ಸೂಜಿಗಳು ಎಲೆಯಲ್ಲ, ಸಣ್ಣ ಟೊಂಗೆಗಳು. ನಿಜವಾದ ಎಲೆ ಅದರ ಗಂಟುಗಳಲ್ಲಿರುವ, ಕಣ್ಣಿಗೇ ಬೀಳದ ಚೂರು. (ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಅಭ್ಯಾಸ, ಕ್ಷಮಿಸಿ.) ಕ್ರೋಶಾ ಬಟ್ಟೆಯ ತೂತಿನಲ್ಲಿ ಅದು ಸಿಕ್ಕಿಕೊಂಡರೆ ಒಂದೊಂದಾಗಿ ಕೀಳಬೇಕು. ಒಣಗಿದ ಮೇಲೆ ಮೇಣದಬತ್ತಿಯ ಹತ್ತಿರ ಇಡಲೂ ಭಯ. ಇನ್ನು ಕಡಲ ಬದಿಯಲ್ಲಿ ನೆಟ್ಟಿರುವ ಗಾಳಿಮರ ಗಾಳಿ ಮತ್ತು ಮರಳು ತಡೆಯಲು ಇರುವುದು, ಕಡಿಯಲು ಅಲ್ಲ. ಬಾಡಿಗೆ ಗಿಡ ಬದುಕಿಯೇ ಬರುತ್ತದೆ, ಬದುಕಿಯೇ ಹೋಗುತ್ತದೆ. ಈ ಒಂದು ಕಾರಣಕ್ಕೇ 600 ರೂಪಾಯಿ ಸಲ್ಲುತ್ತದೆ.

ಸೊಪ್ಪಿನ ಹೊರೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಿಚ್ಚಿ ನೋಡಿದರೆ ಥೂಜಾ ಕೊಂಬೆ, ಕ್ರೋಟನ್, ಜರಿಗಿಡ, ಕರೆ (ಕಾಳಿನ ಗೊಂಚಲು) ಸಮೇತ ಕಾಳುಮೆಣಸಿನ ಬಳ್ಳಿ, ಒಂದು ಸಣ್ಣ ಗೊನೆ ಹಣ್ಣಡಿಕೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದಕ್ಕೆ ದುಡ್ಡು ಕೊಟ್ಟೆಯಾ?" ಅಂದರು. ನಮ್ಮ ಹಿತ್ತಿಲಲ್ಲೇ ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿದೆ. ಬಾವಿಕಟ್ಟೆಯ ಸುತ್ತ ಜರಿಗಿಡ ಬೇಡವೆಂದರೂ ಬರುತ್ತದೆ. ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ತೋಟ ಇರುವವರು ಈ ಹೊರೆ ಕೊಳ್ಳಬೇಡಿ. ಕಾಸರಗೋಡು ಪೇಟೆಯ ಫ್ಲಾಟಿನಲ್ಲಿ ಇರುವವರಿಗೆ, ಮಂಗಳೂರಿಗೆ ಒಯ್ಯುವವರಿಗೆ ಸರಿ.

ಹೊರೆಗಿಂತ ಬೆಲೆಬಾಳುವುದು ಅದರ ಜೊತೆ ಚೇಚಿ ಪುಕ್ಕಟೆ ಕೊಟ್ಟ ತಿಳಿವಳಿಕೆ. ಯಾವ ಸೊಪ್ಪು ಎಷ್ಟು ದಿನ ಬಾಳುತ್ತದೆ ಅಂತ ಅವರಿಗೆ ಬಾಯಿಪಾಠ. ಜರಿಗಿಡ ಕಿತ್ತರೆ ಮರುದಿನವೇ ಮುದುಡುತ್ತದೆ, ಅದನ್ನು ಹಬ್ಬದ ಹಿಂದಿನ ಸಂಜೆ, 24ಕ್ಕೆ, ಕೊಯ್ಯಿರಿ. ಥೂಜಾ ಎರಡು ವಾರ ಹಸಿರಾಗಿಯೇ ಇರುತ್ತದೆ. ಕ್ರೋಟನ್ನಿನ ಟೊಂಗೆ ನೀರಿನ ಬಾಟಲಿಯಲ್ಲಿಟ್ಟರೆ ಹಬ್ಬ ಮುಗಿದರೂ ಮುಗಿಯುವುದಿಲ್ಲ, ಕೆಲವೊಮ್ಮೆ ಬೇರೂ ಬಿಡುತ್ತದೆ. ಯಾವುದೇ ಇರಲಿ, ಕಟ್ಟುವ ಮೊದಲು ಒಂದು ರಾತ್ರಿ ಬಾಲ್ದಿ ನೀರಿನಲ್ಲಿ ಕಾಂಡ ಮುಳುಗಿಸಿಡಬೇಕು. ಕಟ್ಟುವುದು ತಂತಿಯಿಂದಲ್ಲ, ಬಾಳೆನಾರಿನಿಂದ. "ತಂತಿ ಕಾಂಡ ಕತ್ತರಿಸ್ತದೆ ಟೀಚರೇ, ನಾರು ಹಿಡ್ಕೊಳ್ತದೆ" ಅಂದರು ಅವರ ಅರೆಬರೆ ಕನ್ನಡದಲ್ಲಿ.

ಕಾಳುಮೆಣಸಿನ ಬಳ್ಳಿಯನ್ನು ಕಿಟಕಿಯ ಸರಳಿಗೆ ಸುತ್ತಿದೆವು. ಡಿಸೆಂಬರಿನಲ್ಲಿ ಕರೆ ತುಂಬಿರುತ್ತದೆ, ಹಸಿರು ಮಣಿಗಳ ಜಾಲರಿ. ನೋಡಿದವರೆಲ್ಲ ಕೇಳಿದ್ದು ಅದನ್ನೇ. ಆದರೆ ಬಳ್ಳಿಯ ಜೊತೆ ಕೆಂಪಿರುವೆಗಳೂ ಬಂದಿದ್ದವು. ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೊತ್ತಿಗೆ ಎಲ್ಲರೂ ಮೊಣಕಾಲೂರಿದಾಗ ಅವು ಆಲ್ತಾರಿನ (ಮನೆಯ ದೇವರ ಪೀಠದ) ಬಟ್ಟೆಯಿಂದ ಇಳಿದು ಬಂದವು. ಆವತ್ತಿನ ಪ್ರಾರ್ಥನೆ ಬಹಳ ಬೇಗ ಮುಗಿಯಿತು. ಮಾರುವ ಮೊದಲು ಬಳ್ಳಿಯನ್ನು ಒಮ್ಮೆ ಕೊಡವಿ ನೀರಿನಲ್ಲಿ ಅದ್ದಲು ಎಷ್ಟು ಹೊತ್ತು ಬೇಕು? ಇದಕ್ಕೆ ಅಂಕ ಕಳೆದಿದ್ದೇನೆ.

ಹಣ್ಣಡಿಕೆಯ ಉಪಾಯ ಮಾತ್ರ ಅವರದ್ದೇ, ನನಗೆ ಯಾವತ್ತೂ ಹೊಳೆದಿರಲಿಲ್ಲ. ಮೈದುನನ ಕಾರ್ಡುಗಳಲ್ಲೆಲ್ಲ ಹೋಲಿ ಗಿಡದ ಮುಳ್ಳೆಲೆ, ಕೆಂಪು ಹಣ್ಣು. ಅದು ಚಳಿ ದೇಶದ ಗಿಡ, ಅಲ್ಲಿ ಎಲ್ಲ ಎಲೆ ಉದುರಿದಾಗಲೂ ಹಸಿರಾಗಿರುವುದರಿಂದ ಅವರಿಗೆ ಹಬ್ಬದ ಗಿಡವಾಯಿತು. ನಮ್ಮಲ್ಲಿ ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು. ಅಂಗಳದ ತುಂಬ ಕಿತ್ತಳೆ ಬಣ್ಣ ಹರಡಿರುತ್ತದೆ. ಆ ಗೊನೆಯನ್ನೇ ಥೂಜಾ ನಡುವೆ ಆಲ್ತಾರಿನ ಎರಡೂ ಬದಿಗೆ ಇಟ್ಟರೆ ಬೇರೆ ಅಲಂಕಾರ ಬೇಡ. ಹಬ್ಬ ಮುಗಿದ ಮೇಲೆ ಅದು ಉಳಿದ ಅಡಿಕೆಯ ಜೊತೆ ಒಣಗಲು ಹೋಯಿತು. ಅತ್ತೆ ಎಣಿಸಿಯೇ ಹಾಕಿದರು.

ಬಾಗಿಲ ಚಕ್ರ ಬೇಡವೇ ಬೇಡ. ಥೂಜಾ ಒಳ್ಳೆಯದೇ, ಆದರೆ ಮೇಲೆ ಪ್ಲಾಸ್ಟಿಕ್ ಹಣ್ಣು, ಮಿನುಗುವ ಪುಡಿ, ಹಿಂದೆ ಚುಚ್ಚುವ ತಂತಿ. ಅದಕ್ಕಿಂತ ಮುಖ್ಯವಾಗಿ, ನಮ್ಮ ಊರಲ್ಲಿ ಎಲೆ ಹೂವಿನ ಚಕ್ರ ಬರುವುದು ಸಾವಿನ ಮನೆಗೆ. ಪಕ್ಕದ ಮನೆಯ ಭಟ್ಟರು ಗೇಟಿನಲ್ಲೇ ನಿಂತು, "ಎಲ್ಲ ಸೌಖ್ಯವಾ?" ಅಂತ ತಗ್ಗಿದ ದನಿಯಲ್ಲಿ ಕೇಳಿದರು. ಆಗಲೇ ಬಿಚ್ಚಿದೆ. ಚರ್ಚಿನಲ್ಲಿ ಆಗಮನ ಕಾಲಕ್ಕೆ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಕ್ಕೆ, ನಾಲ್ಕು ಮೇಣದಬತ್ತಿಯ ಚಕ್ರ ಇಡುತ್ತಾರಲ್ವಾ, ಮೂರು ನೇರಳೆ ಒಂದು ಗುಲಾಬಿ ಬಣ್ಣದ್ದು, ಅದು ಬೇರೆ. 1839ರಲ್ಲಿ ಹ್ಯಾಂಬರ್ಗಿನಲ್ಲಿ ವಿಖರ್ನ್ ಎಂಬ ಪಾದ್ರಿ ಅನಾಥ ಮಕ್ಕಳಿಗೆ ಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಅಂತ ತೋರಿಸಲು ಬಂಡಿಯ ಚಕ್ರಕ್ಕೆ ಬತ್ತಿ ಹಚ್ಚಿದ್ದರಿಂದ ಬಂದ ಪದ್ಧತಿ ಅದು. ಮಲಗಿಸಿ ಇಟ್ಟರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ನಾನೂ ಕೊನೆಗೆ ಹಾಗೇ ಮಾಡಿದೆ: ಪ್ಲಾಸ್ಟಿಕ್ ಕಿತ್ತುಹಾಕಿ, ಅಮ್ಮನ ಕ್ರೋಶಾ ಬಟ್ಟೆಯ ಮೇಲೆ ಇಟ್ಟು, ನಡುವೆ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ. ನೆವ್ರಿ, ಕಿಡಿಯೊ ತಿನ್ನಲು ಬಂದವರು ಅದನ್ನು ಮೆಚ್ಚಿದರು. ಆದರೂ 400 ಕೊಡುವಂಥದ್ದಲ್ಲ.

ಪಾಯಿನ್ಸೆಟ್ಟಿಯಾ ಚೆನ್ನಾಗಿತ್ತು. ಮೆಕ್ಸಿಕೋದ ಗಿಡ. ಕೆಂಪಗಿರುವುದು ಹೂವಿನ ಎಸಳಲ್ಲ, ಎಲೆ. ರಾತ್ರಿ ಉದ್ದವಾದಾಗ ಮಾತ್ರ ಕೆಂಪಾಗುತ್ತದೆ, ಜಗಲಿಯ ಬಲ್ಬಿನ ಕೆಳಗೆ ಇಟ್ಟರೆ ಮುಂದಿನ ವರ್ಷ ಹಸಿರಾಗಿಯೇ ಉಳಿದೀತು.

ಗೋದಲಿಗೆ ಪಾಚಿಯನ್ನೂ ಅವರು ಮಾರುತ್ತಾರೆ, ಒಂದು ಪೊಟ್ಟಣಕ್ಕೆ 100. ಒಣಗಿ ಕಂದಾಗಿತ್ತು, ಮೋಸ ಅಂದುಕೊಳ್ಳಬೇಡಿ. ಮುರಕಲ್ಲಿನ ಗೋಡೆಯ ಪಾಚಿ ಮಳೆ ನಿಂತ ಮೇಲೆ ಹಾಗೇ ಆಗುವುದು. ನೀರು ಚಿಮುಕಿಸಿದರೆ ನೋಡುತ್ತಿದ್ದಂತೆ ಹಸಿರಾಗುತ್ತದೆ. ಆದರೆ ನಿಮ್ಮ ಆವರಣ ಗೋಡೆಯಲ್ಲೂ ಅದೇ ಇದೆ. ನಾವು ಗೋದಲಿಯ ಹುಲ್ಲುಗಾವಲಿಗೆ ಭತ್ತ ಬಿತ್ತುತ್ತೇವೆ. ರಾತ್ರಿ ನೆನೆಹಾಕಿ, ಅಡಿಕೆ ಹಾಳೆಯಲ್ಲಿ ತೆಳ್ಳಗೆ ಮಣ್ಣು ಹರಡಿ ಬಿತ್ತಿ, ಮೊಳಕೆ ಬರುವ ತನಕ ಒದ್ದೆ ಬಟ್ಟೆ ಮುಚ್ಚಿದರೆ ಆಯಿತು. ಹತ್ತು ಹನ್ನೆರಡು ದಿನಕ್ಕೆ ನಾಲ್ಕು ಬೆರಳು ಪೈರು. ಮುಳಿಹುಲ್ಲಿನ ಮಾಡು, ಪಾಚಿಯ ಗುಡ್ಡೆ, ಪೈರಿನ ನಡುವೆ ಮೇಣದ ಕಾಲಿನ ಕುರಿ. ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೋ ಎಂಬ ಊರಿನಲ್ಲಿ ಗೋದಲಿ ಮಾಡಿದಾಗ ಹುಲ್ಲು, ಎತ್ತು, ಕತ್ತೆ ಎಲ್ಲ ನಿಜದ್ದೇ ಆಗಿತ್ತಂತೆ. ನಮ್ಮದರಲ್ಲಿ ಹುಲ್ಲಾದರೂ ನಿಜದ್ದಿರಲಿ.

ಇನ್ನು ಮನೆಗೆ ಬಂದು ಕಟ್ಟಿಕೊಡುವ ಸೇವೆ. ಹುಡುಗರು ಚುರುಕು. ಹೊತ್ತಿಗೆ ಸರಿಯಾಗಿ ಬಂದರು, ಕುಂಡವನ್ನು ಗೋಣಿಯ ಮೇಲೆ ಎಳೆದರು, ನೆಲಕ್ಕೆ ಒಂದು ಗೀರೂ ಬೀಳಲಿಲ್ಲ. ಆದರೆ ಅವರಿಗೆ ಎಲ್ಲ ಮನೆಗೂ ಒಂದೇ ಅಲಂಕಾರ ಗೊತ್ತು. ಕೆಂಪು ರಿಬ್ಬನ್, ಬಂಗಾರದ ಹಾರ, ಎಲ್‌ಇಡಿ ಸರ. ಗಾಜಿನ ಗುಂಡುಗಳನ್ನು ನೋಡಿ, "ಇದು ಹಿಂದಿನ ಬದಿಗೆ ಹಾಕುವನಾ?" ಅಂತ ಕೇಳಿದರು. ಒಬ್ಬ ಬಿದಿರಿನ ನಕ್ಷತ್ರ ಎತ್ತಿಕೊಂಡು, "ಟೀಚರೇ, ಇದು ಹಳೇದಾಯ್ತು, ನಮ್ಮಲ್ಲಿ ಎಲ್‌ಇಡಿ ಸ್ಟಾರ್ ಉಂಟು" ಅಂದ. ಅತ್ತೆ ಕುರ್ಚಿಯಿಂದಲೇ, "ಅದಕ್ಕೆ ನಿನ್ನ ಅಪ್ಪನಷ್ಟು ಪ್ರಾಯ ಮಗಾ, ಮೆಲ್ಲ ಕೆಳಗೆ ಇಡು" ಅಂದರು. ಇಟ್ಟ. ಪಾಪ, ಕಾಗದ ಅಂಟಿಸಲು ಆಮೇಲೆ ಅವನೇ ಕೂತ. ನಿಮ್ಮ ಮನೆಯಲ್ಲಿ ಹಳೆಯ ಸಾಮಾನು ಏನೂ ಇಲ್ಲದಿದ್ದರೆ 500 ಕೊಟ್ಟು ಅವರಿಂದಲೇ ಮಾಡಿಸಿ. ಇದ್ದರೆ ಮರ ಇಳಿಸಿಕೊಂಡು ಚಾ ಕೊಟ್ಟು ಕಳಿಸಿ.

ಮರ ಬೇಕಾದವರು ನವೆಂಬರ್ ಕೊನೆಗೇ ಹೇಳಿಡಬೇಕು, ಆಗಮನ ಕಾಲ ಶುರುವಾದ ಮೇಲೆ ಸಿಗುವುದು ಬಾಗಿದ ಗಿಡ. ಠೇವಣಿ ಹಣ ಮರ ಒಯ್ದ ದಿನವೇ ಗೂಗಲ್ ಪೇಯಲ್ಲಿ ವಾಪಸ್ ಬಂತು, ಒಂದು ಕೊಂಬೆಯ ತುದಿ ಮುರಿದಿದ್ದರೂ ಏನೂ ಹಿಡಿಯಲಿಲ್ಲ. ಮುಂದಿನ ಸಲಕ್ಕೆ ನಾನು ಮರ ಮಾತ್ರ ಹೇಳಿಟ್ಟಿದ್ದೇನೆ. ಅದೇ ಗಿಡ ಕಳಿಸುವುದಾದರೆ ಅಳೆದು ಕಳಿಸಿ ಅಂತಲೂ ಹೇಳಿದ್ದೇನೆ. ವರ್ಷದಲ್ಲಿ ಅದೂ ಬೆಳೆಯುತ್ತದಲ್ವಾ, ನಮ್ಮ ಚಾವಡಿಯ ಜಂತಿ ಮಾತ್ರ ಅಲ್ಲೇ ಇರುತ್ತದೆ.