ಉಬ್ಬಸವಿದ್ದೂ ಓಡುವವರಿಗೆ ಪೀಕ್ ಫ್ಲೋ ಮೀಟರ್: ಚಿಕ್ಕಮಗಳೂರಿನ ಬಳಕೆದಾರರೊಬ್ಬರ ವಿಮರ್ಶೆ

ಉಬ್ಬಸವಿದ್ದೂ ಬೆಳಗಿನ ಓಟವನ್ನು ಬಿಡಲು ಮನಸ್ಸಿಲ್ಲದವರು ಒಳ್ಳೆಯ ಶೂಗಿಂತ ಮೊದಲು ಕೊಳ್ಳಬೇಕಾದ ವಸ್ತು ಪೀಕ್ ಫ್ಲೋ ಮೀಟರ್ ಎಂದು ನಾನು ದೃಢವಾಗಿ ಹೇಳಬಲ್ಲೆ. ಉಸಿರನ್ನು ಎಷ್ಟು ವೇಗವಾಗಿ ಹೊರಗೆ ಊದಬಲ್ಲೆವೆಂದು ಅಳೆಯುವ, ಬ್ಯಾಟರಿಯ ಗೊಡವೆಯಿಲ್ಲದ ಈ ಪ್ಲಾಸ್ಟಿಕ್ ಕೊಳವೆಗೆ ನಾನು ಕೊಟ್ಟದ್ದು ಸಾವಿರ ರೂಪಾಯಿಗೂ ಕಡಿಮೆ. ನಮ್ಮೂರಿನ ಔಷಧದ ಅಂಗಡಿಯಲ್ಲಿ ದಾಸ್ತಾನು ಇರಲಿಲ್ಲವಾದರೂ, ಹೇಳಿದ ಮೇಲೆ ತರಿಸಿಕೊಟ್ಟರು.

ಸೂಚಕ ಮುಳ್ಳನ್ನು ಕೆಳತುದಿಗೆ ಸರಿಸಿ, ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಕೊಳವೆಯ ಬಾಯಿಯನ್ನು ತುಟಿಗಳಿಂದ ಬಿಗಿಹಿಡಿದು ಒಂದೇ ರಭಸಕ್ಕೆ ಊದಬೇಕು. ಮೂರು ಸಲ ಊದಿ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಬರೆದಿಟ್ಟುಕೊಳ್ಳಬೇಕು, ಸರಾಸರಿ ತೆಗೆಯುವುದಲ್ಲ. ಉಬ್ಬಸ ಹತೋಟಿಯಲ್ಲಿದ್ದ ಎರಡು ಮೂರು ವಾರಗಳಲ್ಲಿ ಕಂಡ ಗರಿಷ್ಠ ಅಂಕಿಯೇ ನಮ್ಮ ಅಳತೆಗೋಲು. ನನ್ನದು ನಿಮಿಷಕ್ಕೆ 450 ಲೀಟರ್, ಅದರ ಶೇ. 80, ಅಂದರೆ 360ರ ಮೇಲಿದ್ದರೆ ಹಸಿರು ವಲಯ, ಗರಿಷ್ಠದ ಅರ್ಧವಾದ 225ರವರೆಗೆ ಹಳದಿ, ಅದಕ್ಕೂ ಇಳಿದರೆ ಕೆಂಪು. ಕೆಂಪಿನಲ್ಲಿ ಕೂಡಲೇ ಔಷಧ ತೆಗೆದುಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದರ ನಿಜವಾದ ಬೆಲೆ ತಿಳಿಯುವುದು ಪರಾಗದ ಕಾಲದಲ್ಲಿ. ಮಳೆ ಬಿದ್ದು ಊರಂಚಿನ ಖಾಲಿ ನಿವೇಶನಗಳಲ್ಲಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಬೆಳ್ಳಗೆ ಹೂಬಿಟ್ಟಾಗ ಎದೆ ಬಿಗಿಯುವುದಕ್ಕೆ ಮುಂಚೆಯೇ ನನ್ನ ಅಂಕಿ ಇಳಿಯತೊಡಗುತ್ತದೆ. ಏನೂ ಆಗಿಲ್ಲವೆಂದು ದೇಹ ಹೇಳುತ್ತಿರುವ ಮುಂಜಾನೆಯಲ್ಲಿ ಸೂಚಕ 340ಕ್ಕೆ ನಿಂತರೆ, ಅಂದು ಓಟವಿಲ್ಲ. ವೈದ್ಯರು ಬರೆದುಕೊಟ್ಟ ಕ್ರಮದಂತೆ ಔಷಧ ತೆಗೆದುಕೊಂಡು ಮನೆಯಲ್ಲೇ ಇರುತ್ತೇನೆ. ಹಸಿರಿನಲ್ಲಿದ್ದರೆ, ಅವರ ಸಲಹೆಯಂತೆ ಸುಮಾರು 15 ನಿಮಿಷ ಮೊದಲು ಶ್ವಾಸನಾಳವನ್ನು ಹಿಗ್ಗಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಬಳಸಿ, ನಿಧಾನ ನಡಿಗೆಯಿಂದ ಮೈ ಬಿಸಿ ಮಾಡಿಕೊಂಡು ಹೊರಡುತ್ತೇನೆ. ವ್ಯಾಯಾಮದಿಂದ ಶ್ವಾಸನಾಳ ಸಂಕುಚಿಸುವುದು ಸಾಮಾನ್ಯವಾಗಿ ಓಟ ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಹೆಚ್ಚಾಗುವುದರಿಂದ, ಮನೆಗೆ ಬಂದು ಹತ್ತು ನಿಮಿಷದ ಬಳಿಕ ಇನ್ನೊಮ್ಮೆ ಊದಿ ನೋಡುವುದು ಬಹಳ ಮುಖ್ಯ. ಹೀಗೆ ಬರೆದಿಟ್ಟುದರಿಂದಲೇ, ಆ ದಿನಗಳಲ್ಲಿ ಹೊಸ ಬಡಾವಣೆಯ ದಾರಿಗಿಂತ ಊರೊಳಗಿನ ರಸ್ತೆ ನನಗೆ ಮೇಲೆಂದು ಗೊತ್ತಾಯಿತು.

ಕೊರತೆಗಳೂ ಇವೆ. ಅಂಕಿ ಇಳಿದದ್ದು ಪರಾಗದಿಂದಲೋ, ದೂಳಿನಿಂದಲೋ, ಮಂಜಿನ ಥಂಡಿಯಿಂದಲೋ ಎಂಬುದನ್ನು ಈ ಸಾಧನ ಹೇಳಲಾರದು. ತೊಳೆದಂತೆಲ್ಲ ಅಂಕಿಗಳ ಬಣ್ಣ ಮಾಸುತ್ತಿದೆ. ಅವನ್ನು ಕೊರೆದೇ ಮೂಡಿಸಬೇಕಿತ್ತು. ಜೊತೆಗಿರುವ ವಿವರಣೆ ಇಂಗ್ಲಿಷಿನಲ್ಲಿ ಮಾತ್ರ ಇರುವುದು ನನಗೆ ನೋವಿನ ಸಂಗತಿ, ಏಕೆಂದರೆ ತೋಟದ ಕೆಲಸಕ್ಕೆ ಹೋಗುವ ಉಬ್ಬಸದ ರೋಗಿಗಳಿಗೂ ಇದು ಅಷ್ಟೇ ಅಗತ್ಯ.

ಉಬ್ಬಸವಿರುವವರಲ್ಲಿ ಬೆಳಗಿನ ಅಂಕಿ ಸಂಜೆಯದಕ್ಕಿಂತ ಕಡಿಮೆ ಬರುವುದು ಸಾಮಾನ್ಯವಾದ್ದರಿಂದ ಪ್ರತಿದಿನ ಒಂದೇ ಹೊತ್ತಿಗೆ ಊದಿರಿ. ಒಂದು ಮೀಟರಿಗೂ ಇನ್ನೊಂದಕ್ಕೂ ವ್ಯತ್ಯಾಸವಿರಬಹುದು. ಹೊಸದನ್ನು ಕೊಂಡಾಗ ಕೆಲವು ದಿನ ಹಳೆಯದರ ಜೊತೆಯಲ್ಲೇ ಬಳಸಿ ಹೋಲಿಸಿಕೊಳ್ಳಿ.