ಬೆಡ್‌ಶೀಟ್ ಮೇಲಿನ ನಾಯಿ, ಬೆಕ್ಕಿನ ಕೂದಲು: ರೋಲರ್, ಗ್ಲೌಸ್, ವೈಪರ್, ಮೆಷಿನ್, ಯಾವುದು ಗೆದ್ದಿತು?

ನಮ್ಮ ಮನೆಯಲ್ಲಿ ಒಂದು ಬಿಳಿ ನಾಯಿ, ಒಂದು ಕಪ್ಪು ಬೆಕ್ಕು. ಹಾಗಾಗಿ ಯಾವ ಬಣ್ಣದ ಬೆಡ್‌ಶೀಟ್ ಹಾಸಿದರೂ ಇಬ್ಬರಲ್ಲಿ ಒಬ್ಬರ ಕೂದಲು ಎದ್ದು ಕಾಣುತ್ತದೆ. ನಾಯಿ, ಎಲ್ಲರೂ ಪಮೇರಿಯನ್ ಅಂತ ಕರೆಯುವ ಇಂಡಿಯನ್ ಸ್ಪಿಟ್ಜ್. ಇದರ ಮೈಮೇಲೆ ಎರಡು ಪದರ. ಮೇಲೆ ಉದ್ದನೆಯ ಬಿರುಸು ಕೂದಲು, ಅದರಡಿ ಮೆತ್ತನೆಯ ತೆಳು ಕೂದಲು. ಬಳ್ಳಾರಿಯ ಬಿಸಿಲು ಶುರುವಾಯಿತೆಂದರೆ ಒಳಪದರ ಕಂತೆ ಕಂತೆಯಾಗಿ ಉದುರುತ್ತದೆ. ಬೆಕ್ಕಿನದು ಇನ್ನೂ ಸಣ್ಣ ಎಳೆ, ಕೈಗೆ ಸಿಗುವುದೇ ಇಲ್ಲ.

“ನಾಯಿನ ಹಾಸಿಗಿ ಮ್ಯಾಲ ಬಿಟ್ಟೋರೂ ನೀವ, ಕೂದ್ಲಾ ಅಂತ ಅಳೋರೂ ನೀವ” ಅನ್ನುತ್ತಾರೆ ನಮ್ಮ ಅತ್ತೆ. ಬೆಕ್ಕು ಮಾತ್ರ ಅವರ ಕೌದಿ ಮೇಲೇ ಮಲಗುತ್ತದೆ. ಅದರ ಮಾತು ಬೇರೆಯಂತೆ.

ಕೂದಲು ತೆಗೆಯಲು ಅಂಗಡಿಯಲ್ಲಿ ಸಿಗುವುದು, ಮನೆಯಲ್ಲೇ ಇರುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಒಂದೇ ಬೆಡ್‌ಶೀಟಿನ ಒಂದು ಅರ್ಧಕ್ಕೆ ಒಂದು, ಇನ್ನೊಂದು ಅರ್ಧಕ್ಕೆ ಇನ್ನೊಂದು. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ: ಕೂದಲು ಬಿಡಿಸುವ ಕೆಲಸವೆಲ್ಲ ಬಟ್ಟೆ ಒಣಗಿದ್ದಾಗಲೇ ಆಗಬೇಕು. ವಾಷಿಂಗ್ ಮೆಷಿನ್ ಕೊಳೆ ತೆಗೆಯುತ್ತದೆ, ಕೂದಲನ್ನು ತೆಗೆಯುವುದಿಲ್ಲ. ಒಂದು ಬಟ್ಟೆಯಿಂದ ಇನ್ನೊಂದಕ್ಕೆ ಹಂಚುತ್ತದೆ, ಅಷ್ಟೆ. ಒದ್ದೆ ಕೂದಲು ಬಟ್ಟೆಗೆ ಅಂಟುತ್ತದೆ. ಡ್ರಮ್ ತಿರುಗಿದಷ್ಟೂ ಎಳೆಗಳ ಮಧ್ಯೆ ಇನ್ನಷ್ಟು ಸುತ್ತಿಕೊಳ್ಳುತ್ತದೆ. ಅದಿರು ಲಾರಿ ಓಡಾಡುವ ನಮ್ಮೂರಲ್ಲಿ ಕೂದಲಿಗೆ ಕೆಂಪು ಧೂಳೂ ಸೇರಿರುತ್ತದೆ. ನೀರು ಬಿದ್ದರೆ ಅದು ಕೆಸರಿನ ಗೆರೆಯಾಗಿ ಮೂಲೆಯಲ್ಲಿ ಕೂರುತ್ತದೆ.

ಮೊದಲು ಅಂಟು ರೋಲರ್. ಎಲ್ಲರೂ ಮೊದಲು ಕೊಳ್ಳುವುದು ಇದನ್ನೇ. ಆಫೀಸಿಗೆ ಹೊರಟಾಗ ಪ್ಯಾಂಟಿನ ಮೇಲಿನ ಕೂದಲು ತೆಗೆಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಡಬಲ್ ಕಾಟ್ ಬೆಡ್‌ಶೀಟಿಗೆ ಇದು ಸಾಲದು. ಎರಡು ಮಾರು ಉರುಳಿಸುವಷ್ಟರಲ್ಲಿ ಹಾಳೆ ತುಂಬಿ ಅಂಟು ಹೋಗುತ್ತದೆ. ಹರಿದು ಎಸೆಯಬೇಕು, ಮತ್ತೆ ಉರುಳಿಸಬೇಕು. ಮೇಲೆ ತೇಲುವ ಕೂದಲು ಬರುತ್ತದೆ, ನೇಯ್ಗೆಯೊಳಗೆ ಹೊಕ್ಕಿದ್ದು ಬರುವುದಿಲ್ಲ. ಬೇಸಿಗೆಯ ಧೂಳಿಗೆ ಅಂಟು ಇನ್ನೂ ಬೇಗ ಸಾಯುತ್ತದೆ. ರೀಫಿಲ್ ಖರ್ಚು ಲೆಕ್ಕ ಹಾಕಿದರೆ ವರ್ಷದಲ್ಲಿ ಒಂದು ಹೊಸ ಬೆಡ್‌ಶೀಟೇ ಬರುತ್ತದೆ.

ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ನಿಜವಾಗಿ ಕೆಲಸ ಮಾಡುತ್ತದೆ. ಅಂಗೈ ಕಡೆ ಉಬ್ಬು ಗೆರೆ ಇರುವುದನ್ನು ತೆಗೆದುಕೊಳ್ಳಿ. ನೀರಲ್ಲಿ ಅದ್ದಿ, ಚೆನ್ನಾಗಿ ಕೊಡವಿ, ಬರೀ ತೇವ ಇರುವಾಗ ಒಂದೇ ದಿಕ್ಕಿಗೆ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಕೂದಲು ಅಲ್ಲೇ ಇರುತ್ತದೆ. ಒಂದೇ ಕಡೆಗೆ ಎಳೆದರೆ ಉಂಡೆಯಾಗಿ ಮಂಚದ ಅಂಚಿಗೆ ಬರುತ್ತದೆ. ನಮ್ಮ ಕಡೆ ಒಣ ಹವೆ ಅಲ್ವಾ, ಪಾಲಿಸ್ಟರ್ ಹೊದಿಕೆ ಕೊಡವಿದರೆ ಚಿಟಚಿಟ ಅನ್ನುತ್ತದೆ. ಆ ಕರೆಂಟೇ ಕೂದಲನ್ನು ಬಟ್ಟೆಗೆ ಹಿಡಿದಿಡುವುದು. ಸ್ವಲ್ಪ ತೇವ ಬಿದ್ದರೆ ಅದರ ಹಿಡಿತ ಸಡಿಲವಾಗುತ್ತದೆ. ಗ್ಲೌಸಿನ ತೊಂದರೆ ಒಂದೇ: ಮೇ ತಿಂಗಳಲ್ಲಿ ಹಾಕಿಕೊಂಡರೆ ಒಳಗೆ ಕೈ ಬೆಂದುಹೋಗುತ್ತದೆ.

ಅದಕ್ಕೇ ನನ್ನ ಓಟು ಗಾಜು ಒರೆಸುವ ಚಿಕ್ಕ ವೈಪರಿಗೆ. ಕಾರಿನ ಗಾಜಿಗೆ, ಬಾತ್‌ರೂಮ್ ಕನ್ನಡಿಗೆ ಬಳಸುತ್ತೇವಲ್ಲ, ಒಂದು ಗೇಣು ರಬ್ಬರ್ ಪಟ್ಟಿಯದು. ಬೆಂಗಳೂರು ರಸ್ತೆಯ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ರೋಲರಿಗಿಂತ ಅಗ್ಗಕ್ಕೆ ಸಿಕ್ಕಿತು. ಬೆಡ್‌ಶೀಟ್ ಹಾಸಿಗೆಯ ಮೇಲೆ ಬಿಗಿಯಾಗಿ ಇರುವಾಗಲೇ, ತೆಗೆಯುವ ಮೊದಲು, ತಲೆ ಕಡೆಯಿಂದ ಕಾಲ ಕಡೆಗೆ ಗೀಚುತ್ತಾ ಬರಬೇಕು. ಅಂಗೈಗಿಂತ ಇದರ ರಬ್ಬರ್ ಅಂಚು ಚೂಪು. ಒತ್ತಡವೆಲ್ಲ ಒಂದೇ ಗೆರೆಯಲ್ಲಿ ಬೀಳುವುದರಿಂದ ನೇಯ್ಗೆಯೊಳಗಿನ ಮೋಟು ಕೂದಲೂ ಏಳುತ್ತದೆ. ಗ್ಲೌಸಿನಿಂದ ಎಳೆದು ಮುಗಿಸಿದ ಅರ್ಧದ ಮೇಲೆ ವೈಪರ್ ಆಡಿಸಿದರೆ ಮತ್ತೊಂದು ಸಣ್ಣ ಉಂಡೆ ಬಂತು. ವೈಪರ್ ಆಡಿಸಿದ ಅರ್ಧದ ಮೇಲೆ ಗ್ಲೌಸ್ ಎಳೆದರೆ ಏನೂ ಬರಲಿಲ್ಲ. ಇದಕ್ಕಿಂತ ಬೇರೆ ಪರೀಕ್ಷೆ ಬೇಕಾ? ದಿಂಬಿನ ಕವರಿನ ಮೂಲೆ, ಹೊಲಿಗೆಯ ಸಂದಿಗೆ ಮಾತ್ರ ವೈಪರ್ ಹೋಗುವುದಿಲ್ಲ. ಅಲ್ಲಿ ಗ್ಲೌಸ್ ಬೇಕು. ಹಾಗಾಗಿ ಎರಡೂ ಮನೆಯಲ್ಲಿವೆ.

ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹಾಸಿಗೆಗೆ ಚೆನ್ನ. ಬೆಡ್‌ಶೀಟಿಗೆ ಹಿಡಿದರೆ ಶೀಟನ್ನೇ ಎಳೆದುಕೊಳ್ಳುತ್ತದೆ.

ಇನ್ನು ನೀರಿಗೆ ಹಾಕುವ ವಸ್ತುಗಳು. ಬಿಳಿ ವಿನೆಗರ್ ಹಾಕಿದರೆ ಕೂದಲು ಬಿಡುತ್ತದೆ ಅಂತ ಎಲ್ಲೆಡೆ ಹೇಳುತ್ತಾರೆ. ಕೊನೆಯ ಜಾಲಾಟಕ್ಕೆ ಅರ್ಧ ಲೋಟ ಹಾಕಿ ನೋಡಿದೆ. ಕೂದಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ನಮ್ಮ ಬೋರಿನ ಸವಳು ನೀರಲ್ಲಿ ಒಗೆದ ಬಟ್ಟೆ ಹಪ್ಪಳದಂತೆ ಬಿರುಸಾಗುತ್ತದೆ, ಅದು ಕಡಿಮೆಯಾಯಿತು. ಸವಳು ನೀರಿನ ಸುಣ್ಣದ ಅಂಶವನ್ನು ಹುಳಿ ಕರಗಿಸುತ್ತದೆ. ನಳದ ನೀರಲ್ಲಿ ಒಗೆದಾಗ ಈ ಗುಣವೂ ಅಷ್ಟಾಗಿ ಗೊತ್ತಾಗಲಿಲ್ಲ. ಒಂದು ಎಚ್ಚರಿಕೆ: ವಿನೆಗರನ್ನು ಬ್ಲೀಚಿಂಗ್ ಪೌಡರ್ ಜೊತೆಗಾಗಲಿ, ಲಿಕ್ವಿಡ್ ಬ್ಲೀಚ್ ಜೊತೆಗಾಗಲಿ ಬೆರೆಸಲೇಬೇಡಿ. ಕ್ಲೋರಿನ್ ಗಾಳಿ ಬರುತ್ತದೆ, ಅದು ಉಸಿರಿಗೆ ವಿಷ. ಫ್ಯಾಬ್ರಿಕ್ ಕಂಡೀಷನರ್ ಕೂದಲನ್ನು ತುಸು ಸಡಿಲ ಮಾಡಿದ್ದು ನಿಜ, ಚಿಟಚಿಟವೂ ನಿಂತಿತು. ಆದರೆ ಟವೆಲ್ ನೀರು ಹೀರುವುದನ್ನು ಬಿಟ್ಟಿತು. ಅದರ ವಾಸನೆಗೆ ಬೆಕ್ಕು ಆ ಕಡೆ ತಲೆ ಹಾಕಲಿಲ್ಲ. ಕೂದಲಿನ ಸಮಸ್ಯೆಗೆ ಅದೂ ಒಂದು ಪರಿಹಾರ ಅನ್ನಬಹುದೇನೋ!

ಮೆಷಿನ್ನಿನಲ್ಲಿ ತೇಲಿಬಿಡುವ ಹೂವಿನಾಕಾರದ ಜಾಳಿಗೆ ಚೀಲ ಸಿಗುತ್ತದೆ. ನಮ್ಮದು ಸೆಮಿ ಆಟೊಮ್ಯಾಟಿಕ್, ತೊಟ್ಟಿ ತುಂಬ ನೀರಿರುತ್ತದೆ. ಚೀಲ ತೇಲಾಡಿ ಒಂದಿಷ್ಟು ಕೂದಲು ಹಿಡಿಯಿತು. ಫ್ರಂಟ್ ಲೋಡಿನಲ್ಲಿ ನೀರೇ ಕಡಿಮೆ, ಅಲ್ಲಿ ತೇಲುವುದೆಲ್ಲಿಂದ ಬಂತು? ನಾದಿನಿಯ ಮನೆಯ ಫ್ರಂಟ್ ಲೋಡಿಗೆ ಹಾಕಿದಾಗ ಚೀಲ ಬೆಡ್‌ಶೀಟಿನೊಳಗೆ ಸುತ್ತಿಕೊಂಡು ಖಾಲಿಯೇ ಹೊರಬಂತು.

ಇದಕ್ಕೆಲ್ಲ ಮೇಲೆ ಒಂದು ಶ್ರೀಮಂತ ದಾರಿ ಇದೆ, ಬಿಸಿ ಗಾಳಿಯ ಡ್ರೈಯರ್. ಹೈದರಾಬಾದಿನ ಅಕ್ಕನ ಮನೆಯಲ್ಲಿ ನೋಡಿದೆ. ಒಗೆಯುವ ಮೊದಲೇ, ಒಣ ಬೆಡ್‌ಶೀಟನ್ನು ಹತ್ತು ನಿಮಿಷ ತಿರುಗಿಸಿದರೆ ಗಾಳಿ ಕೂದಲನ್ನು ಎಳೆದು ಜಾಳಿಗೆಗೆ ಸೇರಿಸುತ್ತದೆ. ಜಾಳಿಗೆ ತೆಗೆದರೆ ಒಂದು ದಪ್ಪ ಪದರ. ಕೈ ನೋಯದೆ ಆಗುವ ಕೆಲಸ ಇದೊಂದೇ. ಆದರೂ ಬಳ್ಳಾರಿಯಲ್ಲಿ ಬಟ್ಟೆ ಒಣಗಿಸಲು ಡ್ರೈಯರ್ ಕೊಳ್ಳಿ ಅಂತ ನಾನಂತೂ ಯಾರಿಗೂ ಹೇಳುವುದಿಲ್ಲ. ಮಾಳಿಗೆಯ ಮೇಲೆ ತಂತಿಗೆ ಹಾಕಿ ಕೆಳಗಿಳಿದು ಬರುವಷ್ಟರಲ್ಲಿ ಮೊದಲ ಬಟ್ಟೆ ಅರ್ಧ ಒಣಗಿರುತ್ತದೆ. ಒಣಗಿದ ಮೇಲೆ ತಂತಿಯಲ್ಲೇ ಜೋರಾಗಿ ಜಾಡಿಸಿದರೆ ಉಳಿದ ಕೂದಲೂ ಹಾರುತ್ತದೆ. ಪಕ್ಕದ ಮನೆಯವರ ಬಟ್ಟೆ ಯಾವ ಕಡೆ ಇದೆ ಅಂತ ನೋಡಿಕೊಳ್ಳಿ.

ನಿಜ ಹೇಳಬೇಕೆಂದರೆ ಇಷ್ಟೂ ಉಪಾಯಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಬಟ್ಟೆಯ ಆಯ್ಕೆ. ಬಿಗಿ ನೇಯ್ಗೆಯ ನುಣುಪು ಹತ್ತಿ ಬಟ್ಟೆಯ ಮೇಲೆ ಕೂದಲು ಸುಮ್ನೆ ಕೂತಿರುತ್ತದೆ, ಕೊಡವಿದರೆ ಹೋಗುತ್ತದೆ. ಮೆತ್ತನೆ ಜುಂಗಿನ ಪಾಲಿಸ್ಟರ್ ರಗ್ಗಿನಲ್ಲಿ ಬೇರು ಬಿಡುತ್ತದೆ. ಈಗ ನಾಯಿ ಮಲಗುವ ಜಾಗಕ್ಕೆ ಜೀನ್ಸ್ ಬಟ್ಟೆಯ ಕವರ್ ಹೊಲಿಸಿದ್ದೇನೆ. ಜೀನ್ಸ್ ಹೊಲಿಯುವ ಊರಲ್ಲಿ ಕಟ್ ಪೀಸಿಗೆ ಬರವೇ? ನಾಲ್ಕಾರು ತುಂಡು ಸೇರಿಸಿ, ಒಂದು ಕಡೆ ಜಿಪ್ ಇಡಿಸಿದರೆ ಮುಗಿಯಿತು. ನಾಯಿ ಉಗುರಿಗೆ ಹರಿಯುವುದಿಲ್ಲ, ವೈಪರ್ ಎಳೆದರೆ ಒಂದೇ ಸಲಕ್ಕೆ ಸ್ವಚ್ಛ. ಮೊದಮೊದಲು ನೀಲಿ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆ ಜೊತೆ ಹಾಕಬೇಡಿ.

ಕೌದಿ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಸಾಲು ಸಾಲಾಗಿ ಕೈಹೊಲಿಗೆ ಹಾಕಿರುತ್ತಾರೆ. ಪ್ರತಿ ಸಾಲೂ ಒಂದು ಸಣ್ಣ ಕಾಲುವೆ, ಕೂದಲು ಅದರೊಳಗೇ ಕೂರುತ್ತದೆ. ವೈಪರ್ ಮೇಲೆ ಮೇಲೆ ಜಾರಿ ಹೋಗುತ್ತದೆ. ಬಡಿಗೆಯಿಂದ ಬಡಿದರೆ ಧೂಳು ಹೋಗುತ್ತದೆ, ಕೂದಲು ಹೋಗುವುದಿಲ್ಲ. ತೇವದ ಗ್ಲೌಸ್ ಹಾಕಿ ಹೊಲಿಗೆಯ ಉದ್ದಕ್ಕೆ, ಅಡ್ಡ ಅಲ್ಲ, ಬೆರಳ ತುದಿಯಿಂದ ಎಳೆದಾಗ ತಕ್ಕಮಟ್ಟಿಗೆ ಬಂತು. ಅದಕ್ಕೆ ಮೇಲೊಂದು ಹಳೇ ಪಂಚೆ ಹಾಸುವುದೇ ವಾಸಿ. ಒಗೆಯುವುದು ಪಂಚೆಯನ್ನಷ್ಟೇ.

ಕೊನೆಗೆ, ಕೆಲವರು ಸೂಚಿಸಿದ ಇನ್ನೊಂದು ದಾರಿ: ಬೇಸಿಗೆಗೆ ನಾಯಿಯನ್ನೇ ಬೋಳಿಸುವುದು. ಇದನ್ನು ಮಾಡಿ ನೋಡಿಲ್ಲ, ನೋಡುವುದೂ ಇಲ್ಲ. ಎರಡು ಪದರದ ನಾಯಿಗೆ ಆ ಕೂದಲೇ ಬಿಸಿಲಿಗೆ ಮರೆ, ತೆಗೆದರೆ ಚರ್ಮ ಸುಡುತ್ತದೆ. ಅದರ ಬದಲು ಸಂಜೆ ಮಾಳಿಗೆಯ ಮೇಲೆ ತಂತಿ ಹಲ್ಲಿನ ಬ್ರಷ್‌ನಿಂದ ಬಾಚುತ್ತೇನೆ. ಬ್ರಷ್‌ಗೆ ಬಂದಷ್ಟು ಕೂದಲು ಹಾಸಿಗೆಗೆ ಬರುವುದಿಲ್ಲ. ಒಗೆದಾದ ಮೇಲೆ ಮೆಷಿನ್ನಿನ ಫಿಲ್ಟರ್ ಬಿಚ್ಚಿ ತೊಳೆಯುವುದನ್ನು ಬಿಡಬೇಡಿ. ಅಲ್ಲಿ ಕಟ್ಟಿಕೊಂಡ ಕೂದಲು ಮುಂದಿನ ಸಲದ ಶಾಲೆ ಯೂನಿಫಾರ್ಮಿಗೆ ಅಂಟುತ್ತದೆ. ತೆಗೆದ ಉಂಡೆಯನ್ನು ಬಚ್ಚಲ ತೂಬಿಗೆ ಬಿಡದೆ ಕಸದ ಬುಟ್ಟಿಗೆ ಹಾಕಿ.