ಸಜ್ಜೆ ಮೇವಿಗೆ ಹಾಕಿದ ಎಂಜೈಮ್ ಪುಡಿ

ಹೆಸರಘಟ್ಟದ ಹತ್ತಿರ ನಂದೊಂದು ಸಣ್ಣ ಶೆಡ್ಡು, 1,500 ಬ್ರಾಯ್ಲರ್ ಕೋಳಿ. ಮೆಕ್ಕೆಜೋಳದ ರೇಟು ಏರಿದಾಗ ಅದರಲ್ಲಿ ಮೂರನೇ ಒಂದು ಪಾಲು ತೆಗೆದು ಸಜ್ಜೆ, ಸ್ವಲ್ಪ ಅಕ್ಕಿ ತೌಡು ಹಾಕಿದೆ. ಜೊತೆಗೆ ಯಶವಂತಪುರದ ಒಂದು ಅಂಗಡಿಯಿಂದ ಮೇವು ಜೀರ್ಣವಾಗಲು ನೆರವಾಗುವ ಎಂಜೈಮ್ ಪುಡಿ ತಂದೆ. ಕಾಳಿನ ನಾರು ಒಡೆಯುವ ಕ್ಸೈಲನೇಸ್, ರಂಜಕ ಬಿಡಿಸುವ ಫೈಟೇಸ್ ಎರಡೂ ಇರುವ 1 ಕೆಜಿ ಪ್ಯಾಕು. ಟನ್ ಮೇವಿಗೆ 500 ಗ್ರಾಂ ಅಂತ ಚೀಟಿಯಲ್ಲಿತ್ತು.

ಮೊದಲ ಸಲ ಸುಮ್ನೆ ಮೇಲಿಂದ ಉದುರಿಸಿದೆ. ಹಿಕ್ಕೆ ಅಂಟಂಟು, ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಪೂರ್ತಿ ಒದ್ದೆ. ಅಂಗಡಿಯವನು ಒಂದು ಮಾತೂ ಹೇಳಿರಲಿಲ್ಲ. ಆಮೇಲೆ ಪರಿಚಯದ ಪಶುವೈದ್ಯರು ಹೇಳಿಕೊಟ್ಟರು: ಮೊದಲು 5 ಕೆಜಿ ಮೇವಿಗೆ ಕಲಸಿ, ಅದನ್ನು ಮಿಕ್ಸರ್‌ಗೆ ಹಾಕಬೇಕು. ಮೇವನ್ನು ಬಿಸಿಯಲ್ಲಿ ಒತ್ತಿ ಪೆಲೆಟ್ (ಗುಳಿಗೆ) ಮಾಡಿಸುವವರು ಶಾಖ ತಡೆಯುವ ಪುಡಿಯನ್ನೇ ಕೇಳಬೇಕು, ಇಲ್ಲಾಂದ್ರೆ ಬಿಸಿಗೆ ಎಂಜೈಮ್ ಸತ್ತೇ ಹೋಗುತ್ತೆ. ನನ್ನದು ಪುಡಿ ಮೇವು, ಬಚಾವ್.

ಎರಡನೇ ಬ್ಯಾಚಿನಲ್ಲಿ ಹೊಟ್ಟು ಒಣಗಿತ್ತು, ತೂಕವೂ ಕಮ್ಮಿಯಾಗಲಿಲ್ಲ. ತೌಡಿನಲ್ಲಿ ಸಿಕ್ಕಿಕೊಂಡ ರಂಜಕವನ್ನು ಫೈಟೇಸ್ ಬಿಡಿಸುತ್ತೆ, ಹಾಗಾಗಿ ರಂಜಕಕ್ಕೆಂದು ಮೇವಿಗೆ ಹಾಕುವ ಡಿಸಿಪಿಯನ್ನೂ (ಡೈಕ್ಯಾಲ್ಸಿಯಂ ಫಾಸ್ಫೇಟ್) ಸ್ವಲ್ಪ ಇಳಿಸಿದೆ. ಒಂದೇ ಕಿರಿಕಿರಿ, ಸಜ್ಜೆಯಲ್ಲಿ ಮೆಕ್ಕೆಜೋಳದ ಹಳದಿ ಬಣ್ಣ ಇಲ್ಲ, ಕೋಳಿಯ ಚರ್ಮ ಬಿಳಚಿಕೊಳ್ಳುತ್ತೆ. ಶಿವಾಜಿನಗರದ ವ್ಯಾಪಾರಿ ಕೇಳಿಯೇಬಿಟ್ಟ, "ಏನ್ ಸಾರ್, ಕೋಳಿಗೆ ಜ್ವರವಾ?"

ಪುಡಿ ಮತ್ತೆ ತರುತ್ತೇನೆ. ಅಂಗಡಿ ಮಾತ್ರ ಬೇರೆ.